ಓಡುವಾಗ ಗಿಡ್ಡ, ನಿಂತರೆ ಉದ್ದ

ಭಾರತೀನಗರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನನಗೆ ಪೇಚಾಟಗಳು ಹುಡುಕಿಕೊಂಡು ಬರುತ್ತವೆ. ಎಲ್ಲಕ್ಕೂ ಕಾರಣ ಒಂದೇ ಪಾಠ. ಓಡುವ ವಸ್ತು, ನಿಂತು ನೋಡುವವರ ಅಳತೆಗೆ, ಓಡುವ ದಿಕ್ಕಿನಲ್ಲಿ ಗಿಡ್ಡವಾಗುತ್ತದೆ. ಬೆಳಕಿನ ವೇಗದ ಹತ್ತಿರ ಹೋದರೆ ಮಾತ್ರ ಅದು ಗೊತ್ತಾಗುವಷ್ಟು. ಹುಡುಗರು ಇದನ್ನು ಉರು ಹೊಡೆದು ಬರೆಯುತ್ತಾರೆ, ಒಬ್ಬನೂ ನಂಬುವುದಿಲ್ಲ. ನಿವೃತ್ತಿಗೆ ಇನ್ನು ಕೆಲವೇ ತಿಂಗಳು. ಅಷ್ಟರೊಳಗೆ ಒಬ್ಬರಿಗಾದರೂ ಅರ್ಥ ಮಾಡಿಸಬೇಕೆಂಬ ಹಟಕ್ಕೆ ಬಿದ್ದು, ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ.

೧. ಹೊಟ್ಟೆ

ಬೆಳಗಿನ ವಾಕಿಂಗಿನಲ್ಲಿ ಪಕ್ಕದ ಮನೆಯಾಕೆ ಸಿಕ್ಕರು. "ನೀವು ನಡೆಯುವಾಗ ಎತ್ತರ ಹಾಗೇ ಇರುತ್ತೆ, ಮುಂದಿನಿಂದ ಹಿಂದಕ್ಕಿರೋ ದಪ್ಪ ಕಮ್ಮಿಯಾಗುತ್ತೆ" ಎಂದೆ.

"ಅಂಗಾದ್ರೆ ಒಟ್ಟೆ ಒಳಕ್ಕೋಯ್ತದಾ ಮೇಷ್ಟ್ರೇ?"

"ಹೋಗುತ್ತೆ, ಕಣ್ಣಿಗೆ ಕಾಣದಷ್ಟು. ನಿಂತ ತಕ್ಷಣ ವಾಪಸ್ ಬರುತ್ತೆ."

ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತೇಬಿಟ್ಟರು. "ಅದ್ಕೇ ಕಣಿ! ಮೂರು ತಿಂಗ್ಳಿಂದ ನಡೀತಾವ್ನಿ, ಮನೇಗೋಗಿ ಕೂತೇಟ್ಗೆ ಅಲ್ಲೇ ಇರ್ತದೆ!"

೨. ಪ್ಯಾಂಟು

ಮದ್ದೂರಿನಲ್ಲಿ ನನಗೆ ಬಟ್ಟೆ ಹೊಲಿಯುವ ಭಾಯಿ ಕಡಿಮೆ ಮಾತಿನವರು. ಅಳತೆ ಕೊಡುತ್ತಾ ಅವರಿಗೂ ಅದೇ ಪಾಠ ಶುರು ಮಾಡಿದೆ. ಅವರು ಟೇಪು ಹಿಡಿದೇ ಯೋಚಿಸಿದರು.

"ಮನುಷ್ಯ ಮಾತ್ರ ಗಿಡ್ಡ ಆಗೋದಾ, ಬಟ್ಟೇನೂ ಆಗ್ತದಾ?"

"ಎರಡೂ ಒಟ್ಟಿಗೇ."

"ಟೇಪು?"

"ನನ್ನ ಜೊತೆ ಓಡಿದರೆ ಅದೂ."

"ಹಂಗಾದ್ರೆ ಫಿಟಿಂಗ್ ಕೆಡಲ್ಲ, ಬಿಡಿ."

ನನಗೆ ಮೈ ಜುಮ್ಮೆಂದಿತು. ಪಾಠದ ತಿರುಳನ್ನೇ ಹೇಳಿಬಿಟ್ಟಿದ್ದರು. "ನಂಬಿದಿರಾ?" ಎಂದೆ ಆಸೆಯಿಂದ.

"ಗಿರಾಕಿ ಹೇಳಿದ್ದಕ್ಕೆ ನಾನು ಯಾವತ್ತೂ ಇಲ್ಲ ಅಂದಿಲ್ಲ ಸಾರ್."

೩. ಕಬ್ಬು

ಕಳೆದ ವಾರ ಕಾಲೇಜು ಬಿಟ್ಟು ಬಸ್ಸಿಗೆ ಕಾಯುತ್ತಿದ್ದೆ. ಕಾರ್ಖಾನೆಗೆ ಹೊರಟಿದ್ದ ಕಬ್ಬಿನ ಟ್ರ್ಯಾಕ್ಟರನ್ನು ಪೊಲೀಸಿನವರೊಬ್ಬರು ಅಡ್ಡಗಟ್ಟಿದರು. ಟ್ರೈಲರಿನ ಹಿಂದಕ್ಕೆ ಕಬ್ಬು ಮೂರು ಮೊಳ ಚಾಚಿಕೊಂಡಿತ್ತು. ಓಡಿಸುತ್ತಿದ್ದವನು ನನ್ನ ಹಳೇ ಶಿಷ್ಯ, ಮೂರು ವರ್ಷವೂ ಕೊನೆಯ ಬೆಂಚಿನಲ್ಲಿ ನಿದ್ದೆ ಹೊಡೆದವನು.

"ಏನ್ಲಾ ಇದು, ಇಷ್ಟುದ್ದ?"

"ನೀವು ನಿಲ್ಸಿದ್ಕೆ ಉದ್ದ ಆಯ್ತು ಸಾ. ಓಡ್ತಿದ್ದಾಗ ಗಿಡ್ಡ ಇತ್ತು."

"ತಮಾಸೆ ಮಾಡ್ತೀಯೇನ್ಲಾ? ನಿಂಗೊಬ್ಬಂಗೇ ಗಿಡ್ಡ ಕಾಣ್ತದಾ?"

"ನಂಗೆಲ್ಲಿ ಸಾ! ನಾನು ಅದ್ರ ಜತೇಲೇ ಓಯ್ತಿರೋನು, ನಂಗೆ ಯಾವಾಗ್ಲೂ ಉದ್ದವೇ. ರೋಡಲ್ಲಿ ನಿಂತಿದ್ದ ನಿಮ್ಗೇ ಗಿಡ್ಡ ಕಾಣ್ಬೇಕಾಗಿದ್ದು!"

ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷಗಳಲ್ಲಿ ಉತ್ತರಪತ್ರಿಕೆಯಲ್ಲೂ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಓಡಿಹೋಗಿ ಅವನ ಬೆನ್ನು ತಟ್ಟಿ, "ನನ್ನ ಶಿಷ್ಯ ಇವನು, ಹೇಳಿದ್ದು ನೂರಕ್ಕೆ ನೂರು ಸರಿ!" ಎಂದು ಕೂಗಿದೆ.

ಪೊಲೀಸಿನವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಎಷ್ಟು ಗಿಡ್ಡ ಆಗಿರ್ತದೆ ಮೇಷ್ಟ್ರೇ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಈ ವೇಗಕ್ಕೆ... ಕೂದಲೆಳೆಗಿಂತ ಎಷ್ಟೋ ಕಮ್ಮಿ."

ಅವರು ಟ್ರ್ಯಾಕ್ಟರಿನಲ್ಲಿದ್ದ ಮಚ್ಚನ್ನು ತರಿಸಿ, ಶಿಷ್ಯನಿಗೆ ಕೊಡದೆ ನನ್ನ ಕೈಗೇ ಕೊಟ್ಟರು.

"ಅಷ್ಟನ್ನ ಬುಟ್ಟು ಮಿಕ್ಕಿದ್ದ ಕಡೀರಿ. ಪಾಠ ಹೇಳ್ಕೊಟ್ಟೋರು ನೀವೇ ಅಲ್ವಾ?"