ಏಳ್ರಿ, ಕೂಡ್ರಿ, ಬೈಠಕ್

ಕೊರಳಲ್ಲಿ ಸೀಟಿ ಹಾಕಿಕೊಂಡವನ ಎದುರು ಜನ ಎಷ್ಟೇ ಗಂಭೀರವಾಗಿ ನಿಂತರೂ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ವಿದ್ಯಾನಗರದ ಕಾಲೇಜೊಂದರಲ್ಲಿ ನಾನು ಪಿ.ಟಿ. ಮಾಸ್ತರ. ಈ ವರ್ಷ ನಮ್ಮವರು ಯಾವುದೋ ವಿದೇಶಿ ಕಂಪನಿಯ ಫಿಟ್‌ನೆಸ್ ಕ್ಲಾಸ್ ತಂದರು. ಹಾಡು ಕಂಪನಿಯದು, ಹೆಜ್ಜೆ ಕಂಪನಿಯದು, ಟೀ ಶರ್ಟೂ ಕಂಪನಿಯದು. ಬೆವರು ಮಾತ್ರ ನಮ್ಮ ಹುಡುಗರದು. ಒಂದು ತಿಂಗಳು ನೋಡುವುದು, ಉಪಯೋಗ ಕಂಡರೆ ಆಡಳಿತ ಮಂಡಳಿಯವರು ಮುಂದುವರಿಸುವುದು, ಇಲ್ಲದಿದ್ದರೆ ಮತ್ತೆ ನನ್ನ ಸೀಟಿ. ನನ್ನ ಮನಸ್ಸು ಸೀಟಿಯ ಕಡೆಗಿತ್ತೆಂದು ಬೇರೆ ಹೇಳಬೇಕಿಲ್ಲ.

ಎಮ್ಮೆಯ ಮರ್ಯಾದೆ

ಕಲಿಸಲು ಬಂದವಳು ಮಂಗಳೂರು ಕಡೆಯ ಹುಡುಗಿ. ಮೈಕು ಕೆನ್ನೆಗೆ ಅಂಟಿಸಿಕೊಂಡು, ಕಂಪನಿ ಹೇಳಿಕೊಟ್ಟ ಹಾಗೆ ಚುಟುಕಾಗಿ "ಏಳು! ಕೂರು! ಏಳು!" ಎಂದು ಕೂಗತೊಡಗಿದಳು. ಒಬ್ಬರೂ ಏಳಲಿಲ್ಲ, ಒಬ್ಬರೂ ಕೂರಲಿಲ್ಲ. ಮುಖ ಮಾತ್ರ ಎಲ್ಲರದೂ ಊದಿಕೊಂಡಿತು.

ಕಡೆಗೆ ಗೋಪನಕೊಪ್ಪದಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಕೈ ಎತ್ತಿದಳು. "ಮೇಡಂ, ನಮ್ಮ ಮನ್ಯಾಗ ಎಮ್ಮಿ ಎಬ್ಬಸೂ ಮುಂದ ಸುದ್ದಾ 'ಏಳವಾ ತಾಯಿ' ಅಂತೀವ್ರಿ."

ಮರುದಿನದಿಂದ "ಏಳ್ರಿ! ಕೂಡ್ರಿ!" ಶುರುವಾಯಿತು. ಹಾಲ್ ಪೂರ್ತಿ ಒಂದೇ ಸಲಕ್ಕೆ ಏಳತೊಡಗಿತು. "ಹಿಂಗ ಬದಲ ಮಾಡಿದ್ದಕ್ಕ ಕಂಪನಿಯವರು ಏನೂ ಅನ್ನೂದಿಲ್ಲೇನವಾ?" ಎಂದೆ.

"ಅವರಿಗೆ ಈ ಎಮ್ಮೆಯ ವಿಷಯ ನಾನು ಹೇಗೆ ತಿಳಿಸುವುದು ಮಾರಾಯ್ರೆ?" ಎಂದಳು.

ಒಬ್ಬೊಬ್ಬರಿಗೆ ಹತ್ತು

ಒಂದು ದಿನ ಅವಳು ಕ್ಲಾಸ್ ಮುಗಿಸುವಾಗ "ನಾಳೆ ಎಲ್ಲರಿಗೂ ಬರ್ಪಿ, ಒಬ್ಬೊಬ್ಬರಿಗೆ ಹತ್ತು" ಎಂದಳಂತೆ. ಬರ್ಪಿ ಎಂದರೆ ನೆಲಕ್ಕೆ ಬಿದ್ದು, ಎದ್ದು, ಮೇಲಕ್ಕೆ ಹಾರುವ ಒಂದು ಕಸರತ್ತು. ಅದು ನಮ್ಮವರಿಗೆ ಯಾಕೆ ಗೊತ್ತಿರಬೇಕು? ಮರುದಿನ ನಾನು ಹೋಗುವಷ್ಟರಲ್ಲಿ ಹಾಲ್‌ನಲ್ಲಿ ಕಾಲಿಡಲು ಜಾಗವಿಲ್ಲ. ಪರೀಕ್ಷೆಯ ದಿನವೂ ಬೇಗ ಏಳದ ಹಾಸ್ಟೆಲ್ ಹುಡುಗರೆಲ್ಲ ತಲೆ ಬಾಚಿಕೊಂಡು ಹಾಜರು. ಒಬ್ಬನ ಕೈಯಲ್ಲಿ ಸ್ಟೀಲ್ ಡಬ್ಬಿ.

"ಇದ್ಯಾಕೋ?" ಎಂದೆ.

"ರೂಮಿನ್ಯಾಗ ಒಬ್ಬಾಂವ ಮಲಗ್ಯಾನ್ರಿ ಸರ್. ಅವನ ಪಾಲಿಂದೂ ಒಯ್ತೇನಿ."

ಅವಳು ಕಲಿತದ್ದನ್ನು ಕಲಿಸಿದಳು. ಡಬ್ಬಿಯವನು ಬಿದ್ದ, ಎದ್ದ, ಹಾರಿದ, ಮತ್ತೆ ಬಿದ್ದವನು ಅಲ್ಲೇ ಉಳಿದ. ನಾನು ಹೋಗಿ ಎಬ್ಬಿಸಿದರೆ ಕೈ ಮುಗಿದ. "ಸರ್, ನಾಳೆ ಧಾರವಾಡ ಪೇಢಾ ಅಂದ್ರೂ ನಾ ಬರೂದಿಲ್ರಿ."

ಹೊಟ್ಟೆನೋವು

ನನ್ನ ಪಿ.ಟಿ. ಪಿರಿಯಡ್ ಬಂತೆಂದರೆ ಹುಡುಗಿಯರಿಗೆಲ್ಲ ಹೊಟ್ಟೆ ನೋಯುತ್ತಿತ್ತು. ಮೈದಾನದ ಬೇವಿನ ಮರದ ಕೆಳಗೆ ಸಾಲಾಗಿ ಕೂತುಬಿಡುತ್ತಿದ್ದರು. ಆ ಸಾಲೇ ಈಗ ಹಾಲ್‌ನಲ್ಲಿ, ಹುಡುಗಿಯರಿಗೆಂದೇ ಬೇರೆ ಇಟ್ಟ ಕ್ಲಾಸ್‌ನಲ್ಲಿ, ಮುಂದೆ ನಿಂತು ಕುಣಿಯುತ್ತಿತ್ತು. ಬೇವಿನ ಮರದ ಖಾಯಂ ಗಿರಾಕಿಯೊಬ್ಬಳು ಮುಖ ಕೆಂಪಗೆ ಮಾಡಿಕೊಂಡು ಏದುಸಿರು ಬಿಡುತ್ತ ನಗುತ್ತಿದ್ದಳು.

"ಹೊಟ್ಟಿನೋವು ಹೋತೇನವಾ?" ಎಂದು ಕೆಣಕಿದೆ.

"ಗ್ರೌಂಡ್‌ನ್ಯಾಗ ಕಾಂಪೌಂಡ್ ಹತ್ತಿ ಹುಡುಗ್ರು ನೋಡ್ತಿದ್ರಲ್ರಿ ಸರ್, ಅದಕ್ಕ ಬರ್ತಿತ್ರಿ. ಇಲ್ಲಿ ಬಾಗಲಾ ಹಾಕಿರ್ತೈತಿ."

ನನಗೆ ಚುರುಕ್ ಎಂದಿತು. ಈ ಕ್ಲಾಸ್ ನಿಂತರೆ ಇವರು ಮತ್ತೆ ಮರದ ಕೆಳಗೇ ಹೋಗಿ ಕೂರುತ್ತಾರೆ. ಅವತ್ತು ಮೊದಲ ಸಲ, ಇದು ಉಳಿಯಲಿ ಎಂದು ನನಗೇ ಅನ್ನಿಸಿತು. "ಹಂಗಾರ ನಾ ಆಡಸೂ ಕಬಡ್ಡಿದೇನೂ ತಪ್ಪಿಲ್ಲ?" ಎಂದು ಕೇಳಿದೆ.

"ಇಲ್ರಿ ಸರ್" ಎಂದವಳು ಸ್ವಲ್ಪ ತಡೆದು, "ಸೀಟಿದು ಒಂದೀಟು ಐತ್ರಿ" ಎಂದಳು.

ಬೈಠಕ್

ತಿಂಗಳು ಮುಗಿಯಿತು. ಆಡಳಿತ ಮಂಡಳಿಯ ಹಿರಿಯರು ಬಂದು ನೋಡಿ ತೀರ್ಮಾನ ಹೇಳಬೇಕು. ಮಂಗಳೂರಿನ ಹುಡುಗಿ ನನ್ನನ್ನು, "ಸ್ಕ್ವಾಟ್‌ಗೆ ನಿಮ್ಮ ಕಡೆ ಏನು ಹೇಳುವುದು ಸರ್?" ಎಂದು ಕೇಳಿದಳು. "ಬೈಠಕ್" ಎಂದೆ. ಅವಳು ಮಂಡಳಿಯವರೂ ಇರುವ ಕಾಲೇಜಿನ ವಾಟ್ಸಾಪ್ ಗುಂಪಿಗೆ ಹಾಕಿಯೇಬಿಟ್ಟಳು: "ಶನಿವಾರ ಬೆಳಿಗ್ಗೆ ಹಾಲ್‌ನಲ್ಲಿ ಬೈಠಕ್. ಎಲ್ಲರೂ ತಪ್ಪದೆ ಬರಬೇಕು."

ನಮ್ಮ ಕಡೆ ಬೈಠಕ್ ಎರಡು ಥರ. ಗರಡಿ ಮನೆಯದಾದರೆ ಕೂತು ಏಳುವುದು. ಹಿರಿಯರದಾದರೆ ಬರೀ ಕೂರುವುದು. ಹತ್ತಿ ವ್ಯಾಪಾರದ ನಮ್ಮ ಅಧ್ಯಕ್ಷರು ಧೋತರ, ಕೋಟು ಹಾಕಿಕೊಂಡು ಮಂಡಳಿಯವರ ಸಮೇತ ಬಂದು, ಮೀಟಿಂಗ್ ಎಂದೇ ತಿಳಿದು ಮುಂದಿನ ಕುರ್ಚಿಗಳಲ್ಲಿ ಕೂತರು. ಹಿಂದೆ ಹುಡುಗಿಯರು ಸಾಲಾಗಿ ನಿಂತದ್ದನ್ನು ಅವರು ನೋಡಲೇ ಇಲ್ಲ.

ವೇದಿಕೆಯಿಂದ ಮೈಕು ಕೂಗಿತು: "ಕೂಡ್ರಿ!" ಕೂತೇ ಇದ್ದರು. "ಏಳ್ರಿ!" ಪ್ರಾರ್ಥನೆ ಇರಬೇಕೆಂದು ಗೌರವದಿಂದ ಎದ್ದರು. "ಕೂಡ್ರಿ!" ಕೂತರು. "ಏಳ್ರಿ!" ಯಾರೋ ದೊಡ್ಡವರು ಬಂದರೆಂದು ಎದ್ದು ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ನಾನು. ಅಧ್ಯಕ್ಷರು ನನಗೇ ನಮಸ್ಕಾರ ಮಾಡಿದರು.

ಹಿರಿಯರ ಹುಮ್ಮಸ್ಸು ಕಂಡು ಅವಳಿಗೆ ಉತ್ಸಾಹ ಉಕ್ಕಿತು. "ಹಿರಿಯರನ್ನು ನೋಡ್ರಿ, ಎಷ್ಟು ಚೆಂದ ಮಾಡ್ತಾರೆ! ಇನ್ನೂ ಜೋರು! ಕೂಡ್ರಿ! ಏಳ್ರಿ!" ಧೋತರಗಳು ಸಡಿಲಾದವು. ಖಜಾಂಚಿ ಕುರ್ಚಿಯ ಬೆನ್ನು ಹಿಡಿದುಕೊಂಡರು. ನಾನು ಇದ್ದ ಉಸಿರೆಲ್ಲ ಹಾಕಿ ಸೀಟಿ ಊದಿದೆ. ಎಲ್ಲ ನಿಂತಿತು.

ಅಧ್ಯಕ್ಷರು ಏದುಸಿರು ಬಿಡುತ್ತ ಕೇಳಿದರು, "ಮಾಸ್ತರ... ಯಾರ್ ಬರಾಕತ್ತಿದ್ರು?"

"ಯಾರೂ ಇಲ್ರಿ. ಅದು ಹುಡುಗ್ಯಾರಿಗೆ ಹೇಳಿದ್ದ್ರಿ. ವ್ಯಾಯಾಮದ ಬೈಠಕ್ ಅದು."

ಆಗ ತಿರುಗಿ ಹಿಂದೆ ನೋಡಿದರು. ಹುಡುಗಿಯರು ಅರ್ಧ ಬೈಠಕ್‌ನಲ್ಲೇ ನಿಂತುಬಿಟ್ಟಿದ್ದರು. ಕ್ಲಾಸ್ ಇವತ್ತಿಗೆ ಮುಗಿಯಿತೆಂದೇ ನಾನು ತಿಳಿದೆ. ಅಧ್ಯಕ್ಷರು ಟವೆಲ್‌ನಿಂದ ಮುಖ ಒರೆಸಿಕೊಂಡರು. "ನಮ್ಮ ಬೈಠಕ್‌ನ್ಯಾಗ ಯಾರೂ ನಿದ್ದಿ ಮಾಡಲಾರದ್ದು ಇದ ಮೊದಲನೇ ಸಲ. ಉಪಯೋಗ ಐತಿ. ನಡೀಲಿ!"

ಹುಡುಗಿಯರು ಹಾರಿ ಕುಣಿದರು. ಅಷ್ಟರಲ್ಲಿ ಚಹಾ ಬಂತು. ಪ್ರಿನ್ಸಿಪಾಲರು ಕೈ ಮುಗಿದು, "ಎಲ್ಲಾರೂ ಕೂಡ್ರಿ" ಎಂದರು.

ಮಂಡಳಿಯವರು ಒಬ್ಬರೂ ಕದಲಲಿಲ್ಲ. ಅಧ್ಯಕ್ಷರು ನಿಂತಲ್ಲೇ ಕಪ್ಪು ಕೈಗೆ ತೆಗೆದುಕೊಂಡರು. "ಬ್ಯಾಡ್ರಿ, ನಿಂತ ಕುಡೀತೇವಿ. ಕೂತ್ರ ಮತ್ತ ಏಳ್ರಿ ಅಂತೀರಿ!"