ನನಗೆ ಕೊಟ್ಟ ನಗುಮುಖವನ್ನು ವಾಪಸು ಪಡೆಯುವ ಬಗ್ಗೆ

ವಿದ್ಯುತ್ ಕಚೇರಿಯ ಉಳಿತಾಯ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಮಗೂ, ತಮ್ಮ ಸಮಸ್ತ ಸಿಬ್ಬಂದಿಗೂ, ಖಾಲಿ ಕುರ್ಚಿಗಳ ಮೇಲೆ ಬೇಸರವಿಲ್ಲದೆ ತಿರುಗುತ್ತಿರುವ ತಮ್ಮ ಕಚೇರಿಯ ಆರು ಫ್ಯಾನುಗಳಿಗೂ ನನ್ನ ನಮಸ್ಕಾರ. ಐದನೇ ತರಗತಿಯಲ್ಲಿ ಸ್ಲೇಟು ಕೆಳಗಿಟ್ಟು ಕತ್ತರಿ ಹಿಡಿದವಳು ನಾನು. ಐವತ್ತೆಂಟು ವರ್ಷದಿಂದ ಜನರ ಸೊಂಟದ ಅಳತೆ ಬಿಟ್ಟು ಬೇರೇನೂ ಬರೆದಿಲ್ಲ. ಬಾಯಲ್ಲೇ ಹೇಳಿ ಮುಗಿಸೋಣವೆಂದು ಎರಡು ಸಲ ಬಸ್ಸು ಹತ್ತಿ ಬಂದೆ. ಕೌಂಟರಿನ ಹುಡುಗಿ, "ಬಿಲ್ಲು ಜಾಸ್ತಿ ಬಂತು ಅನ್ನೋದಕ್ಕೆ ಫಾರಂ ಇದೆ ಅಜ್ಜಿ, ಹೊಗಳಿಕೆ ಜಾಸ್ತಿ ಆಯ್ತು ಅನ್ನೋದಕ್ಕಿಲ್ಲ. ಬರೆದು ಕೊಡಿ" ಎಂದು ಬಿಳಿ ಹಾಳೆ ಕೈಗಿಟ್ಟಳು. ಬರೆಯುವುದೇ ಆದರೆ ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಪ್ರತಿ ತಿಂಗಳ ಬಿಲ್ಲಿನ ಜೊತೆ ತಾವೊಂದು ಬಣ್ಣದ ಕಾಗದ ಕಳಿಸುತ್ತೀರಿ. ಅಕ್ಕಪಕ್ಕದವರಿಗಿಂತ ಕಡಿಮೆ ಕರೆಂಟು ಉರಿಸಿದವರಿಗೆ ಹಸಿರು ನಗುಮುಖ, ಜಾಸ್ತಿ ಉರಿಸಿದವರಿಗೆ ಕೆಂಪು ಅಳುಮುಖ. ನನ್ನದು ಯಾವಾಗಲೂ ಹಸಿರು. ನೂರಕ್ಕೆ ನಲವತ್ತು ಕಡಿಮೆಯಂತೆ, ಇಡೀ ಬೀದಿಗೆ ಮಾದರಿ ಮನೆಯಂತೆ. ಸುಳ್ಳೇಕೆ, ಖುಷಿಯಾಯಿತು, ಬಟ್ಟೆ ಕೊಡಲು ಬಂದವರಿಗೆಲ್ಲ ಕಾಣುವ ಹಾಗೆ ಕನ್ನಡಿಯ ಪಕ್ಕದಲ್ಲೇ ಗುಂಡುಸೂಜಿ ಚುಚ್ಚಿ ನೇತುಹಾಕಿದೆ.

ಆಮೇಲೆ ನನ್ನ ಉಪಾಯಗಳನ್ನು ಬರೆದುಕೊಳ್ಳಲು ತಮ್ಮ ಇಂಜಿನಿಯರರು ಬಂದರು. ಬಹಳ ಸಭ್ಯರು, ಚಪ್ಪಲಿ ಹೊರಗೆ ಬಿಟ್ಟೇ ಬಂದರು. ಪಶ್ಚಿಮದ ಕಿಟಕಿಗೆ ಎರಡು ಪದರದ ಪರದೆ ಹೊಲಿದಿದ್ದನ್ನು ಮುಟ್ಟಿ ನೋಡಿದರು, ಬಾಗಿಲ ಸಂದಿಗೆ ಹಳೆಯ ಪ್ಯಾಂಟಿನ ಕಾಲಿಗೆ ಮರಳು ತುಂಬಿ ಇಟ್ಟಿದ್ದನ್ನು ಬಗ್ಗಿ ನೋಡಿದರು, ತಾರಸಿಗೆ ಸುಣ್ಣ ಬಳಿದಿದ್ದನ್ನು ಹತ್ತಿ ನೋಡಿದರು. ನೋಡದೆ ಬಿಟ್ಟಿದ್ದು ಒಂದೇ, ಅವರ ಮೂಗಿನ ಎದುರಿಗಿದ್ದ ಕಿಂಡಿ.

ಇದು ನಮ್ಮಪ್ಪ ಕಟ್ಟಿದ ಮನೆ. ಇಬ್ಬರು ಹೆಣ್ಣುಮಕ್ಕಳಿಗೂ ಸಮ ಇರಲಿ ಎಂದು ನಡುವೆ ಗೋಡೆ ಎಬ್ಬಿಸಿದಾಗ, ಮಾತು ನಿಲ್ಲದಿರಲಿ ಎಂದು ಒಂದು ತಟ್ಟೆ ದಾಟುವಷ್ಟು ಕಿಂಡಿ ಬಿಟ್ಟರು. ಆ ಕಡೆ ನನ್ನ ತಂಗಿ, ಈ ಕಡೆ ನಾನು. ಅದರ ಕೆಳಗೇ ನನ್ನ ಹೊಲಿಗೆ ಮಿಷನ್ನು. ಹೋದ ವರ್ಷ ತಂಗಿ ಆ ಕಡೆ ಏಸಿ ಹಾಕಿಸಿದಾಗ, "ನಿನಗೂ ಒಂದು ಹಾಕಿಸ್ಲಾ ಅಕ್ಕ?" ಎಂದು ಕೇಳಿದಳು. "ನನ್ನ ಮೈಗೆ ಮಿಷನ್ನಿನ ಗಾಳಿ ಬೇಕಿಲ್ಲ, ನಿನ್ನ ಹಾಗೆ ನಾಜೂಕಲ್ಲ ನಾನು" ಎಂದು ಗದರಿದೆ. ಅವತ್ತಿನಿಂದ ಪ್ರತಿ ಮಧ್ಯಾಹ್ನ ಆ ಬೇಡದ ಗಾಳಿ ಕಿಂಡಿಯಿಂದ ಇಳಿದು ನನ್ನ ಕತ್ತಿನ ಮೇಲೆ ಬೀಳುತ್ತಿತ್ತು. ನಾನು ಫ್ಯಾನು ಆರಿಸಿ, ಬಾಯಿ ಮುಚ್ಚಿಕೊಂಡು ಹೊಲಿಯುತ್ತಿದ್ದೆ.

ತಮ್ಮ ನೂರಕ್ಕೆ ನಲವತ್ತು ಬಂದಿದ್ದು ಅಲ್ಲಿಂದ ಸ್ವಾಮಿ. ಇಂಜಿನಿಯರರು ಬಂದ ದಿನ ಕಿಂಡಿಯ ಮುಂದೆ ಒಂದು ಲಂಗ ನೇತುಹಾಕಿದ್ದೆ, ಬೇಕಂತಲೇ ಹಾಕಿದ್ದೆ. ಕಿಟಕಿ, ಬಾಗಿಲು ಎಲ್ಲ ಮುಚ್ಚಿದ ಕೋಣೆಯಲ್ಲಿ ಆ ಲಂಗವೊಂದೇ ಸಂತೋಷವಾಗಿ ಕುಣಿಯುತ್ತಿತ್ತು. ತಮ್ಮ ಇಂಜಿನಿಯರರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಇಂಥ ಮುಗ್ಧರನ್ನು ಎಲ್ಲಿಂದ ಹುಡುಕಿ ತರುತ್ತೀರೋ, ತಮ್ಮ ಇಲಾಖೆಗೆ ಕೈ ಮುಗಿಯಬೇಕು.

ಅದೇ ತಿಂಗಳು ತಂಗಿಯ ಮನೆಗೆ ಕೆಂಪು ಅಳುಮುಖ ಹೋಯಿತು. ಬೀದಿಯಲ್ಲೇ ಅತಿ ಹೆಚ್ಚು ಪೋಲು ಮಾಡುವ ಮನೆ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೀರಿ. ಅವಳ ಗಂಡ ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟು ಹರಿದ ಕಂಡಕ್ಟರು, ಅಚ್ಚಾದ ಕಾಗದದ ಮೇಲೆ ಅವನಿಗೆ ಬಹಳ ಗೌರವ. "ನಿಮ್ಮಕ್ಕನ್ನ ನೋಡಿ ಕಲಿ" ಎಂದುಬಿಟ್ಟ. ಗೋಡೆಯ ಈ ಕಡೆ ನನಗೂ ಕೇಳಿಸಿತು. ನಾನು ಆಗಲೇ ಎದ್ದು ಹೋಗಿ ಇದ್ದದ್ದು ಹೇಳಬೇಕಿತ್ತು, ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಒಂದು ದಿಂಬು ಬಂದು ಕಿಂಡಿಗೆ ಗಡದ್ದಾಗಿ ಕೂತಿತು.

ಹದಿನೆಂಟು ದಿನವಾಯಿತು, ಮಾತಿಲ್ಲ. ಮೊನ್ನೆ ಕಂಡಕ್ಟರು ಪ್ಯಾಂಟಿನ ಸೊಂಟ ಸಡಿಲಿಸಿಕೊಳ್ಳಲು ಬಂದು ನಿಂತವನು, ಅಳತೆ ಕೊಡುತ್ತಲೇ ಹೇಳಿದ: "ಅವಳಿಗೆ ಏಸಿ ಗಾಳಿ ಆಗೋದೇ ಇಲ್ಲ ಅಕ್ಕ. ಶಾಲು ಹೊದ್ಕೊಂಡು ಕೂತಿರ್ತಾಳೆ. ನಿಮ್ಮ ಮಿಷನ್ ಸದ್ದು ಶುರುವಾದ್ರೆ ಹಾಕ್ತಾಳೆ, ನಿಂತ್ರೆ ಆರಿಸ್ತಾಳೆ. ನಾನು ಬೈದಮೇಲೇ ಬಾಯಿ ಬಿಟ್ಟಿದ್ದು." ಟೇಪು ನನ್ನ ಕೈಯಲ್ಲೇ ಉಳಿಯಿತು. ಅವನ ಸೊಂಟ ಎಷ್ಟೆಂದು ಬರೆದುಕೊಳ್ಳಲು ಮರೆತೆ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆಗಳನ್ನು ದೊಡ್ಡ ಮನಸ್ಸು ಮಾಡಿ ನಡೆಸಿಕೊಡಬೇಕು. ನನಗೆ ಕೊಟ್ಟ ನಗುಮುಖಗಳನ್ನೆಲ್ಲ ವಾಪಸು ತೆಗೆದುಕೊಂಡು ತಂಗಿಗೆ ಕೊಡಿ, ಅವಳ ಅಳುಮುಖ ನನಗೆ ಕಳಿಸಿ; ಸ್ವಲ್ಪ ದೊಡ್ಡದಾಗಿ ಅಚ್ಚು ಹಾಕಿಸಿದರೆ ಕನ್ನಡಿಯ ಪಕ್ಕ ಚೆನ್ನಾಗಿ ಕಾಣುತ್ತದೆ. ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲದಿದ್ದರೆ ಆ ಕಿಂಡಿಗೊಂದು ಮೀಟರು ಕೂರಿಸಿ, ಆ ಕಡೆಯಿಂದ ಎಷ್ಟು ತಂಪು ಬಂತು, ಈ ಕಡೆಯಿಂದ ಎಷ್ಟು ಗದರಿಕೆ ಹೋಯಿತು ಎಂದು ತಿಂಗಳಿಗೊಮ್ಮೆ ಓದಿಸಿ. ಅದೂ ಆಗದಿದ್ದರೆ, ಗೋಡೆ ನಮ್ಮಪ್ಪನದು, ಮನೆ ಒಂದೇ ಎಂದು ತಿಳಿದು ಇಬ್ಬರಿಗೂ ಸೇರಿ ಒಂದೇ ಮುಖ ಕಳಿಸಿ. ನಗಲಿ, ಅಳಲಿ, ಹಂಚಿಕೊಳ್ಳುತ್ತೇವೆ.

ತಂಗಿಯ ಪಶ್ಚಿಮದ ಕಿಟಕಿಗೆ ಇವತ್ತಿಗೂ ಸೀರೆಯಷ್ಟು ತೆಳುವಾದ ಪರದೆ. ಬಿಸಿಲೆಲ್ಲ ಒಳಗೆ, ಏಸಿಗೆ ದುಪ್ಪಟ್ಟು ಕೆಲಸ. ಊರಿಗೆಲ್ಲ ಎರಡು ಪದರ ಹೊಲಿದವಳು ಅವಳಿಗೊಂದು ಹೊಲಿಯಲಿಲ್ಲ. ಈಗ ಹೊಲಿದು ಮಡಿಸಿಟ್ಟಿದ್ದೇನೆ, ಬಾಗಿಲ ಸಂದಿಗೂ ಮೂರು ಮರಳಿನ ಸುರುಳಿ ಮಾಡಿದ್ದೇನೆ. ಕೊಡಲು ಹೋದರೆ ಮೊದಲು ಕ್ಷಮಿಸು ಅನ್ನಬೇಕಾಗುತ್ತದೆ. ಆ ಮಾತು ನನ್ನ ಬಾಯಿಗೆ ಹೊಸದು, ಕಲಿಯುತ್ತಿದ್ದೇನೆ. ಅಷ್ಟರಲ್ಲಿ ತಪ್ಪು ಇಲಾಖೆಯದು ಎಂದು ತಾವೊಂದು ಕಾಗದ ಕಳಿಸಿದರೆ ನನಗೆ ಅನುಕೂಲ.

ಇಪ್ಪತ್ತನೇ ತಾರೀಖು ತಮ್ಮ ಕಚೇರಿಯಲ್ಲಿ ನೂರು ಜನ ಗೃಹಿಣಿಯರ ಮುಂದೆ "ನಾನು ಹೇಗೆ ಉಳಿಸಿದೆ" ಎಂದು ಮಾತಾಡಲು ಕರೆದಿದ್ದೀರಿ. ಬರುತ್ತೇನೆ. ಒಬ್ಬ ತಂಗಿಯನ್ನು ಇಟ್ಟುಕೊಳ್ಳಿ, ಗೋಡೆಗೆ ತೂತು ಮಾಡಿ ಎಂದು ಹೇಳುತ್ತೇನೆ.

ಉತ್ತರ ಬರುವವರೆಗೆ ಮಾತ್ರ ತಮ್ಮ ವಿಶ್ವಾಸಿ,
ಮಾದರಿ ಮನೆಯ ಹೊಲಿಗೆಯಾಕೆ

ತಾ.ಕ.: ಮೇಲಿನದನ್ನು ಬರೆದಿಟ್ಟು ಮೂರು ದಿನವಾಯಿತು, ಇನ್ನೂ ಅಂಚೆಗೆ ಹಾಕಿರಲಿಲ್ಲ. ನಿನ್ನೆ ಮಧ್ಯಾಹ್ನ ಮಿಷನ್ನು ತುಳಿಯಲು ಶುರುಮಾಡಿದಾಗ ದಿಂಬಿನ ಒಂದು ಮೂಲೆ ಸಡಿಲವಾಗಿ ಕತ್ತಿಗೆ ಎಳೆಯಷ್ಟು ತಂಪು ತಾಗಿತು. ನಾನು ಕೂಡಲೇ ತುಳಿಯುವುದನ್ನು ನಿಲ್ಲಿಸಿ, ಪರದೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಅವಳ ಬಾಗಿಲಿಗೆ ಹೋದೆ. "ಅಳತೆ ತಪ್ಪಿದ್ರೆ ನೋಡು" ಎಂದಷ್ಟೇ ಹೇಳಲು ಬಂತು, ಅವಳಿಗೆ ಅಷ್ಟೇ ಸಾಕಾಯಿತು. ಇದರಲ್ಲಿ ತಮ್ಮ ಇಲಾಖೆಯ ಶ್ರಮ ಏನೂ ಇಲ್ಲ, ಮುಂದಿನ ಕಾಗದದಲ್ಲಿ ಇದನ್ನೂ ತಮ್ಮ ಸಾಧನೆ ಎಂದು ಅಚ್ಚು ಹಾಕಿಸಬೇಡಿ. ನನ್ನ ಭಾಷಣಕ್ಕೆ ಮೊದಲೇ, ಹದಿನೆಂಟನೇ ತಾರೀಖಿನೊಳಗೆ ಉತ್ತರ ಬರಬೇಕು, ಬರವಣಿಗೆಯಲ್ಲಿ.