ಎರಡಿಂಚಿನ ಮುನಿಸು

ಬಡಗಿ: ಕೊಯ್ದದ್ದು ಮತ್ತೆ ಬೆಳೆಯೋಕೆ ಇದೇನು ಉಗುರಾ ಸಾಹೇಬ್ರೇ? ಕುರ್ಚಿ ಕಾಲು!

ಅಧಿಕಾರಿ: ಮೆಲ್ಲಗೆ ಮೇಸ್ತ್ರಿ! ಇನ್ನೊಂದು ಗಂಟೆಗೆ ಅವರ ಮಂತ್ರಿಗಳು ಇದೇ ಕುರ್ಚೀಲಿ ಕೂರ್ಬೇಕು.

ವಿದೇಶಾಂಗ ಕಚೇರಿಯ ಮಾತುಕತೆಯ ಕೋಣೆಯಲ್ಲಿ ಇಬ್ಬರೂ ನೆಲದ ಮೇಲೆ ಕೂತು ಕುರ್ಚಿ ಅಳೆಯುತ್ತಿದ್ದರು. ಪಕ್ಕದ ದೇಶದ ಜೊತೆ ನಲವತ್ತು ವರ್ಷದ ಸ್ನೇಹ. ಹೋದ ವರ್ಷ ಮುನಿಸು ಬಂದಾಗ, ನಮ್ಮ ಮಂತ್ರಿಗಳು ಎತ್ತರವಾಗಿ ಕಾಣಲೆಂದು ಅತಿಥಿಯ ಕುರ್ಚಿಯ ಕಾಲುಗಳನ್ನು ಎರಡಿಂಚು ಕೊಯ್ಯಿಸಲಾಗಿತ್ತು. ಇವತ್ತು ರಾಜಿ.

ಬಡಗಿ: ಅವತ್ತು ಕೊಯ್ಯಿ ಅಂದೋರು ಯಾರು?

ಅಧಿಕಾರಿ: ಮೇಲಿನೋರು.

ಬಡಗಿ: ಮೇಲಿನೋರು ಅಂದ್ರೆ?

ಅಧಿಕಾರಿ: ನಾನೇ ಕಣಯ್ಯ! ‘ಏನಾದ್ರೂ ಮಾಡಿ’ ಅಂದ್ರು, ಮಾಡಿದೆ.

ಬಡಗಿ: ಹಾಗಾದ್ರೆ ನಮ್ಮೋರ ಕುರ್ಚೀನೂ ಎರಡಿಂಚು ಇಳಿಸ್ಲಾ? ಸಮಸಮ.

ಅಧಿಕಾರಿ: ನಮ್ಮೋರು ಮೊದಲೇ ಗಿಡ್ಡ. ಮೇಜಿನ ಮೇಲೆ ಬರೀ ಮೂಗು ಕಾಣುತ್ತೆ!

ಬಡಗಿ: ಮೇಜೂ ಕೊಯ್ಯೋಣ.

ಅಧಿಕಾರಿ: ಆಮೇಲೆ ಗೋಡೆ ಕೊಯ್ತೀಯಾ? ಅವರಿಗೊಂದು ದಿಂಬು ಹಾಕಿದ್ರೆ?

ಬಡಗಿ: ಯಾಕೆ ಅಂತ ಕೇಳಿದ್ರೆ ‘ತಮಗೆ ಮೂಲವ್ಯಾಧಿ ಅಂತ ಕೇಳಿದ್ವಿ’ ಅನ್ನಿ. ರಾಜಿ ಅಲ್ಲ, ಯುದ್ಧ ಆಗುತ್ತೆ.

ಅಧಿಕಾರಿ: ತಮಾಷೆ ಸಾಕಯ್ಯ. ಇವತ್ತೂ ಮಾತು ಮುರಿದ್ರೆ ಗಡಿ ತೆರೆಯಲ್ಲ. ನನ್ನ ತಂಗೀನ ಆ ಕಡೆಗೆ ಕೊಟ್ಟಿದ್ದೀವಿ. ಅವಳ ಮುಖ ನೋಡಿ ವರ್ಷ ಆಯ್ತು.

ಬಡಗಿಯ ನಗು ನಿಂತಿತು. ಪಾಪ ಅನ್ನಿಸಿತು. ಚೀಲದಿಂದ ಮರದ ತುಂಡು ತೆಗೆದು ಗೋಂದು ಬಳಿಯತೊಡಗಿದ.

ಬಡಗಿ: ತೇಪೆ ಕಾಣುತ್ತೆ. ಈಗಲೇ ಹೇಳಿದ್ದೀನಿ.

ಮೂರನೆಯ ಕಾಲಿಗೆ ಬರುವಷ್ಟರಲ್ಲಿ ಬಾಗಿಲು ತೆರೆಯಿತು. ಕೋಣೆ ನೋಡಿಕೊಂಡು ಹೋಗಲು ಅತಿಥಿಗಳ ಕಾರ್ಯದರ್ಶಿ ಮುಂಚೆಯೇ ಬಂದಿದ್ದರು.

ಕಾರ್ಯದರ್ಶಿ: ಏನಿದು?

ಅಧಿಕಾರಿ: ಅದು... ಗೆದ್ದಲು ಹಿಡಿದಿತ್ತು ಮೇಡಂ.

ಬಡಗಿ: ನಾಲ್ಕು ಕಾಲಿಗೂ ಅಳತೆ ಹಿಡಿದು ಎರಡೆರಡಿಂಚು ತಿಂದಿದೆ ಅಮ್ಮಾ. ಬಹಳ ಶಿಸ್ತಿನ ಗೆದ್ದಲು.

ಅಧಿಕಾರಿ ಕಣ್ಣು ಮುಚ್ಚಿಕೊಂಡರು. ಆಕೆ ಬಗ್ಗಿ ಕಾಲು ನೋಡಿದರು, ತೇಪೆಯ ಮೇಲೆ ಬೆರಳಾಡಿಸಿದರು, ಹೋಗಿ ಬಾಗಿಲು ಹಾಕಿ ಬಂದರು.

ಕಾರ್ಯದರ್ಶಿ: ಮೇಸ್ತ್ರಿ, ಮುಂದಿನ ವಾರದ ಮಾತುಕತೆ ನಮ್ಮ ಕಡೆ. ನೀವು ಒಂದು ದಿನ ಮುಂಚೆ ಬರ್ತೀರಾ?

ಬಡಗಿ: ಗಡಿ ಮುಚ್ಚಿದೆಯಲ್ಲಮ್ಮಾ?

ಕಾರ್ಯದರ್ಶಿ: ಇವತ್ತೇ ತೆಗೆಸೋಣ. ತೆಗೆಸ್ಲೇಬೇಕು. ನಮ್ಮ ಗೆದ್ದಲು ಮೂರಿಂಚು ತಿಂದಿದೆ.